ಬದ್ಲಿಗೆ ಬಿಟ್ಟ ಮನೆ

ಪಂಕಜಾ ನಮ್ಮ ಮನೆಗೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾವಿಬ್ಬರೂ ಹಿಂದಿಯಲ್ಲೇ ಒದ್ದಾಡಿದೆವು. ನನ್ನ ಹಿಂದಿ ಎಂದರೆ 'ಇಧರ್, ಉಧರ್, ಬಸ್', ಅಷ್ಟೇ. ಸೋಫಾದ ಕೆಳಗೂ ಗುಡಿಸು ಎಂದು ಹೇಳಲು ನಾನೇ ಸೊಂಟ ಹಿಡಿದುಕೊಂಡು ಬಗ್ಗಿ ತೋರಿಸಬೇಕಿತ್ತು. ಅವಳು 'ಠೀಕ್ ಹೈ ಮಾತಾಜಿ' ಎಂದು ತಲೆಯಾಡಿಸಿ ಕೆಲಸ ಮಾಡುತ್ತಿದ್ದಳು. ಮಗ ಯಶವಂತ, ಸೊಸೆ ತನುಶ್ರೀ ಇಬ್ಬರೂ ಬೆಳಿಗ್ಗೆಯೇ ಆಫೀಸಿಗೆ ಹೊರಟುಬಿಡುತ್ತಾರೆ. ದೆಹಲಿಯ ಕಿದ್ವಾಯಿ ನಗರದ ಈ ಎತ್ತರದ ಸರ್ಕಾರಿ ಕಟ್ಟಡದಲ್ಲಿ ಹಗಲು ಹೊತ್ತು ನನಗೆ ಕಾಣಸಿಗುವ ಮನುಷ್ಯಳೆಂದರೆ ಕೆಲಸದವಳೊಬ್ಬಳೇ. ಅವಳ ಹತ್ತಿರ ಆಡಲು ನನಗೆ ಮಾತಿಲ್ಲವಲ್ಲ ಎಂದು ಬೇಜಾರಾಗುತ್ತಿತ್ತು.

ಒಂದು ದಿನ ಒಲೆಯ ಮೇಲೆ ಹಾಲಿಟ್ಟು ತಂಗಿಯ ಜತೆ ಫೋನಿನಲ್ಲಿ ಮಾತಿಗೆ ಕೂತೆ. ಒಳಗಿನಿಂದ ಕೂಗು ಬಂತು.

"ಅಯ್ಯೋ, ಹಾಲು ಉಕ್ತಾ ಇದೆ, ಒಲೆ ಆರಿಸ್ರಮ್ಮಾ!"

ಎದ್ದು ಹೋಗಿ ಒಲೆ ಆರಿಸಿದ ಮೇಲೆಯೇ ನನಗೆ ಹೊಳೆದದ್ದು, ಕೂಗಿದವಳು ಯಾರು ಎಂದು. ತಿರುಗಿ ನೋಡಿದರೆ ಪಂಕಜಾ ಕೋಲಿನ ಮಾಪ್ ಹಿಡಿದುಕೊಂಡು ನಿಂತಿದ್ದಾಳೆ. ಮುಖ ಸಣ್ಣದಾಗಿದೆ.

"ಏನೇ, ಕನ್ನಡದವಳಾ ನೀನು?"

"ಹೌದಮ್ಮ. ಹೊಸದುರ್ಗದ ಕಡೆ."

"ಮತ್ತೆ ಇಷ್ಟು ದಿನ ಈ ಮುದುಕಿ ಕೈಲಿ ಹಿಂದಿ ಆಡಿಸಿ ಮಜಾ ತಗೊಂಡ್ಯಾ?"

"ಮಜಾ ಅಲ್ಲಮ್ಮ," ಎಂದಳು. "ಕನ್ನಡದವರ ಮನೆ ಅಂತ ಮೊದಲೇ ಗೊತ್ತಾಗಿದ್ರೆ ನಾನು ಬರ್ತಾನೇ ಇರಲಿಲ್ಲ. ಬಂದ ಮೇಲೆ ಗೊತ್ತಾಯ್ತು. ಅಷ್ಟರಲ್ಲಿ ಬಿಡೋ ಹಾಗಿರಲಿಲ್ಲ."

ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಜನ ಅರ್ಧ ಹೇಳಿ ನಿಲ್ಲಿಸುತ್ತಾರೆ. ಬಟಾಣಿ ಸುಲಿಯುತ್ತಾ ಸುಮ್ಮನೆ ಕೂತಿದ್ದೆ. ಚಳಿಗಾಲದ ಬಟಾಣಿ ಮುಗಿಯುವಷ್ಟರಲ್ಲಿ ಅವಳು ಕಿಟಕಿ ಒರೆಸುತ್ತಾ, ಹಾಸಿಗೆ ಕೊಡವುತ್ತಾ ಎಲ್ಲವನ್ನೂ ಹೇಳಿ ಮುಗಿಸಿದ್ದಳು.

ಪಂಕಜಾ ದೆಹಲಿಗೆ ಬಂದದ್ದು ಮದುವೆಯಾಗಿ. ಗಂಡ ಮರಿಯಪ್ಪ ಇಲ್ಲೊಂದು ಕ್ಯಾಂಟೀನಿನಲ್ಲಿ ಅಡುಗೆಗೆ ಇದ್ದ. ಅವನು ತೀರಿಕೊಂಡ ಮೇಲೆ ಅವಳು ಮನೆಗೆಲಸ ಹಿಡಿದಳು. ಮಕ್ಕಳಿಲ್ಲ. ಲೋಧಿ ಕಾಲೋನಿಯಲ್ಲಿ ಸುದರ್ಶನ್ ಎಂಬ ನಮ್ಮ ಕಡೆಯ ಅಧಿಕಾರಿಯೊಬ್ಬರು ಇದ್ದರು. ಅವರ ಹೆಂಡತಿ ಧಾರಿಣಿ ಆಗಷ್ಟೇ ಹೆತ್ತು ಮಲಗಿದ್ದಳು. ಮಗುವಿಗೆ ಎಣ್ಣೆನೀರು ಹಾಕುವುದಕ್ಕೆ, ಬಾಣಂತಿಯ ಹತ್ತಿರ ಕನ್ನಡದಲ್ಲಿ ನಾಲ್ಕು ಮಾತಾಡುವುದಕ್ಕೆ ಒಬ್ಬರು ಬೇಕಿತ್ತು. ಹಾಗೆ ಹೋದವಳು ಅಲ್ಲೇ ನಿಂತಳು. ಮಗು ಅನನ್ಯಾ ದೊಡ್ಡವಳಾದಂತೆ ಪಂಕಜಾಳ ಕೆಲಸ ಗುಡಿಸುವುದು, ಒರೆಸುವುದು, ಧೂಳು ಹೊಡೆಯುವುದಕ್ಕೆ ಬಂದು ನಿಂತಿತು.

ದೆಹಲಿಯ ಹಳೇ ಸರ್ಕಾರಿ ಮನೆಗಳಲ್ಲಿ ಒಂದು ಪದ್ಧತಿ ಇದೆ. ಮನೆಯ ಹಿಂದಿನ ಗಲ್ಲಿಯಲ್ಲಿ ಕೆಲಸದವರಿಗೆಂದು ಒಂದು ಕೋಣೆ ಇರುತ್ತದೆ. ಕೆಲಸದವಳು ಆ ಮನೆಯ ಕೆಲಸ ಮಾಡುತ್ತಾಳೆ, ಕೋಣೆಯಲ್ಲಿ ಇರುತ್ತಾಳೆ. ಸಂಬಳ ಬೇಕೆಂದರೆ ಅಕ್ಕಪಕ್ಕದ ಮನೆಗಳಲ್ಲಿ ದುಡಿದುಕೊಳ್ಳಬೇಕು. ಕೆಲಸ ಹೋದ ದಿನ ಕೋಣೆಯೂ ಹೋಯಿತು. ಪಂಕಜಾಳ ಪಾಲಿಗೆ ದೆಹಲಿ ಎಂದರೆ ಆ ಕೋಣೆಯೇ. ಹತ್ತಡಿ ಅಗಲ ಇಲ್ಲದಿದ್ದರೂ ಗಲ್ಲಿಯ ಬೇವಿನ ಮರದ ನೆರಳು ಬಾಗಿಲಿಗೆ ಬೀಳುತ್ತಿತ್ತು. ಗೋಡೆಗೆ ತಾನೇ ಸುಣ್ಣ ಬಳಿದಿದ್ದಳು. "ನಂದು ಅನ್ನೋಹಾಗಿಲ್ಲ, ಆದ್ರೆ ಅದರ ಬೀಗ ನಂದಾಗಿತ್ತಮ್ಮ," ಎಂದಳು.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಅದು ಮನೆಯವರಿಗೆ ಗೊತ್ತಿರುವುದಿಲ್ಲ, ಕೆಲಸದ ಹೆಂಗಸರಿಗಷ್ಟೇ ಗೊತ್ತು. ಊರಿಗೆ ಹೋಗಬೇಕಾದಾಗ ಅವರು ತಮ್ಮ ಜಾಗಕ್ಕೆ ಒಬ್ಬಳನ್ನು ಬಿಟ್ಟು ಹೋಗುತ್ತಾರೆ. ಅದಕ್ಕೆ ಬದ್ಲಿ ಎನ್ನುತ್ತಾರೆ. ಹೋದವಳು ವಾಪಸು ಬಂದ ದಿನ ಬದ್ಲಿಯವಳು ಮಾತಿಲ್ಲದೆ ಜಾಗ ಬಿಟ್ಟು ಕೈ ಎತ್ತಬೇಕು. ಅಷ್ಟೇ ಅಲ್ಲ. ಬದ್ಲಿಗೆ ಹೋದವಳು ಪೂರ್ತಿ ಕೆಲಸ ಮಾಡಬಾರದು. ಯಾವುದಾದರೂ ಒಂದು ಮೂಲೆ ಬಿಡಬೇಕು. ಫ್ಯಾನಿನ ರೆಕ್ಕೆಯೋ, ಫ್ರಿಜ್ಜಿನ ಹಿಂಭಾಗವೋ, ಕಿಟಕಿಯ ಜಾಲರಿಯೋ. ಮನೆಯವರಿಗೆ ಎಲ್ಲೋ ಏನೋ ಕಮ್ಮಿ ಅನ್ನಿಸುತ್ತಿರಬೇಕು. ಊರಿಗೆ ಹೋದವಳು ಬಂದು ಆ ಮೂಲೆ ಒರೆಸಿದಾಗ ಮನೆಯವರು, 'ಅಬ್ಬ, ಬಂದ್ಯಲ್ಲ' ಎನ್ನಬೇಕು. ಕೇಳಿದಾಗ ನನಗೆ ನಗು ಬಂತು. ಕಳ್ಳಾಟ ಎನ್ನಿಸಿತು. ಆಮೇಲೆ ಯೋಚಿಸಿದರೆ, ಕಾಗದವಿಲ್ಲ, ಸಾಕ್ಷಿಯಿಲ್ಲ. ಒಬ್ಬಳ ಅನ್ನ ಇನ್ನೊಬ್ಬಳ ಕೈಯಲ್ಲಿ ಉಳಿಯುವುದಕ್ಕೆ ಇದ್ದದ್ದು ಆ ಧೂಳಿನ ಮೂಲೆಯೊಂದೇ.

ಪಂಕಜಾಳಿಗೆ ಯಾವಾಗಲೂ ಬದ್ಲಿಗೆ ನಿಲ್ಲುತ್ತಿದ್ದವಳು ಫೂಲ್ಮತಿ. ಬಿಹಾರದವಳು, ಕೋಟ್ಲಾದಲ್ಲಿ ಬಾಡಿಗೆಗಿದ್ದಾಳೆ, ಬಾಯಿ ಬಹಳ ಜೋರು. ಪಂಕಜಾ ಊರಿಗೆ ಹೋದಾಗಲೆಲ್ಲ ಅವಳೇ ಮನೆ ನೋಡಿಕೊಂಡು, ಮೂಲೆ ಬಿಟ್ಟು, ಬಂದ ದಿನ ಕೈ ಎತ್ತಿದ್ದಾಳೆ.

ಹೀಗಿರುವಾಗ ಸುಮಿತ್ರಾ ಬಂದಳು. ಐಎನ್‌ಎ ಮಾರ್ಕೆಟ್ಟಿನಲ್ಲಿ ಒಂದು ಹುಡುಗಿ ತರಕಾರಿಯವನ ಮುಂದೆ "ಭಯ್ಯಾ, ಕರಿಬೇವು, ಕರಿಬೇವು" ಎಂದು ಗೋಗರೆಯುತ್ತಿದ್ದಳಂತೆ. ಅವನು ಮೊದಲು ಮೆಂತ್ಯ ಎತ್ತಿದ, ಆಮೇಲೆ ಪುದೀನ, ಕೊನೆಗೆ ಸಿಟ್ಟು ಬಂದು ಹಾಗಲಕಾಯಿ ತೋರಿಸಿದ. ಪಂಕಜಾ ನಗುತ್ತಾ ಹೋಗಿ "ಕಡೀಪತ್ತಾ ದೇದೋ" ಎಂದು ಕೊಡಿಸಿದಳು. ಹುಡುಗಿ ಅವಳ ಕೈ ಹಿಡಿದುಕೊಂಡು ಅತ್ತೇಬಿಟ್ಟಳು. ಗಂಡ ಯೋಗೀಶ ಡ್ರೈವರ್. ದೆಹಲಿಗೆ ಬಂದು ಸ್ವಲ್ಪ ದಿನವಾಗಿತ್ತು. ಗಾಳಿಯಿಲ್ಲದ ಒಂದು ಕೋಣೆಯಲ್ಲಿ ಗಂಡನ ದೋಸ್ತುಗಳ ಜತೆ ಇದ್ದಳು, ನಡುವೆ ಒಂದು ಸೀರೆ ಕಟ್ಟಿಕೊಂಡು.

ಪಂಕಜಾ ಅವಳನ್ನು ತಂಗಿಯ ಹಾಗೆ ಹತ್ತಿರ ಮಾಡಿಕೊಂಡಳು. ಹಿಂದಿ ಕಲಿಸಿದಳು. ನೆಲ ಒರೆಸುವಾಗ ಬಾಗಿಲಿಗೆ ಬೆನ್ನು ಮಾಡಿ ಹಿಂದೆ ಸರಿಯಬೇಕು, ಹೆಜ್ಜೆ ಮೂಡಬಾರದು ಎಂದು ತೋರಿಸಿಕೊಟ್ಟಳು. ಬದ್ಲಿಯ ಮೂಲೆಯ ಗುಟ್ಟನ್ನೂ ಅವಳೇ ಹೇಳಿಕೊಟ್ಟಳು. ಸಂಜೆ ಹೊತ್ತು ಇಬ್ಬರೂ ಕೋಣೆಯ ಬಾಗಿಲಲ್ಲಿ ಕೂತು ಮುದ್ದೆ ತಿನ್ನುತ್ತಿದ್ದರು. "ಅಕ್ಕ, ನಿಮ್ಮ ಕೋಣೇಲಿ ಉಸಿರಾಡೋಕಾಗುತ್ತೆ," ಎನ್ನುತ್ತಿದ್ದಳಂತೆ ಸುಮಿತ್ರಾ. ಆ ಮಾತು ಆಗ ಪಂಕಜಾಳಿಗೆ ಹಿತವಾಗಿ ಕೇಳಿಸಿತ್ತು.

ಕಳೆದ ಮಳೆಗಾಲದಲ್ಲಿ ಪಂಕಜಾಳಿಗೆ ಗರ್ಭಕೋಶ ತೆಗೆಸಬೇಕಾಗಿ ಬಂತು. ಇಲ್ಲಿ ಮಾಡಿಸಿಕೊಂಡರೆ ನೋಡಿಕೊಳ್ಳುವವರಿಲ್ಲ. ಅಣ್ಣ ಕೆಂಪಣ್ಣ, ಊರಿಗೆ ಬಾ, ನಿನ್ನ ಅತ್ತಿಗೆ ಇದ್ದಾಳೆ ಎಂದ. ಈ ಸಲ ಬದ್ಲಿಗೆ ಯಾರನ್ನು ಬಿಡುವುದು? ಫೂಲ್ಮತಿ ಕೇಳದೆಯೇ ತಯಾರಾಗಿದ್ದಳು. ಪಂಕಜಾ, ಸುಮಿತ್ರಾಳನ್ನು ಬಿಡುತ್ತೇನೆ ಎಂದಾಗ ಅವಳು ಸೊಂಟಕ್ಕೆ ಕೈಯಿಟ್ಟು ಹಿಂದಿಯಲ್ಲಿ ಹಂಗಿಸಿದಳು.

"ಓಹೋ! ನಿಮ್ಮ ಭಾಷೆಯವಳು ಸಿಕ್ಕಿದಳು, ನಾನು ಹಳಸಿದ ರೊಟ್ಟಿ ಆದೆ!"

"ಹಾಗಲ್ಲ ಕಣೆ. ಅವಳು ನಮ್ಮವಳು. ನಮ್ಮ ಮೇಡಂಗೂ ಮಾತಿಗೆ ಆಗುತ್ತೆ."

"ಚಲೋ, ನಿನ್ನ ಮನೆ, ನಿನ್ನಿಷ್ಟ. ಆದರೆ ಒಂದು ಮಾತು. ನಾಲಿಗೆ ಒಂದೇ ಆದರೆ ಹೊಟ್ಟೆಯೂ ಒಂದೇ ಆಗೋದಿಲ್ಲ."

ಪಂಕಜಾ ನಕ್ಕುಬಿಟ್ಟಳು. ನಿಜಾಮುದ್ದೀನ್ ಸ್ಟೇಷನ್ನಿಗೆ ಬ್ಯಾಗು ಹೊತ್ತು ಬಂದವಳು ಸುಮಿತ್ರಾ. ರೈಲು ಹೊರಡುವ ತನಕ ಕಿಟಕಿ ಹಿಡಿದುಕೊಂಡು ನಿಂತಿದ್ದಳು. "ಆರಾಮಾಗಿ ಮಾಡಿಸ್ಕೊಂಡು ಬನ್ನಿ ಅಕ್ಕ. ನಾನಿದ್ದೀನಲ್ಲ."

ಆಪರೇಷನ್ ಚೆನ್ನಾಗಿಯೇ ಆಯಿತು. ಮೂರು ತಿಂಗಳು ಭಾರ ಎತ್ತಬೇಡ, ಬಗ್ಗಿ ನೆಲ ಒರೆಸಬೇಡ, ಆಮೇಲೆ ಏನೂ ತೊಂದರೆಯಿಲ್ಲ ಎಂದರು ಡಾಕ್ಟರು. ಪಂಕಜಾ ಅದನ್ನು ಹೇಳಿದ್ದು ಸುಮಿತ್ರಾಳಿಗೊಬ್ಬಳಿಗೇ, ಫೋನಿನಲ್ಲಿ. "ಮೇಡಂಗೆ ಹೇಳ್ಬೇಡ, ಸುಮ್ಮನೆ ಗಾಬರಿಯಾಗ್ತಾರೆ. ಅಷ್ಟು ದಿನ ನೀನು ನೋಡ್ಕೊ, ಆಮೇಲೆ ನಾನು ಬರ್ತೀನಿ," ಎಂದಿದ್ದಳು. ದಿನಾ ಫೋನು ಮಾಡುತ್ತಿದ್ದ ಸುಮಿತ್ರಾ ವಾರಕ್ಕೊಮ್ಮೆ ಮಾಡತೊಡಗಿದಳು. ಆಮೇಲೆ ಇವಳೇ ಮಾಡಿದರೂ ಎತ್ತಲಿಲ್ಲ. ಕೆಲಸ ಜಾಸ್ತಿ ಇರಬೇಕು ಪಾಪ, ಎಂದುಕೊಂಡಳು ಪಂಕಜಾ.

ಮೂರು ತಿಂಗಳು ತುಂಬಿದ ಮೇಲೆ ಅತ್ತಿಗೆ ಮಾಡಿಕೊಟ್ಟ ಚಟ್ನಿಪುಡಿ ಕಟ್ಟಿಕೊಂಡು ವಾಪಸು ಬಂದಳು. ಊರಿಗೆ ಹೋಗುವಾಗ ಕೋಣೆಯ ಕೀಲಿಯನ್ನು ಧಾರಿಣಿಯ ಕೈಗೆ ಕೊಟ್ಟು ಹೋಗಿದ್ದಳು. ಹಾಗಾಗಿ ಬ್ಯಾಗಿನ ಸಮೇತ ನೇರ ಮನೆಯ ಒಳಕ್ಕೇ ಹೋದಳು. ಬಾಗಿಲು ತೆಗೆದವಳು ಸುಮಿತ್ರಾ. "ಬಂದ್ರಾ ಅಕ್ಕ," ಎಂದವಳೇ ಅಡುಗೆಮನೆಗೆ ಸರಿದುಬಿಟ್ಟಳು.

ಪಂಕಜಾ ಅಭ್ಯಾಸ ಬಲದಿಂದ ತಲೆಯೆತ್ತಿ ನೋಡಿದಳು. ಫ್ಯಾನಿನ ರೆಕ್ಕೆಯಲ್ಲಿ ಧೂಳಿಲ್ಲ. ಕಿಟಕಿಯ ಜಾಲರಿ ತೊಳೆದು ಹೊಳೆಯುತ್ತಿದೆ. ಫ್ರಿಜ್ಜಿನ ಹಿಂದೆ ಬೆರಳಾಡಿಸಿದಳು. ಶೋಕೇಸಿನ ಮೇಲೆ, ಕಪಾಟಿನ ತಲೆಯ ಮೇಲೆ, ಬಾಗಿಲ ಹಿಂದೆ ನೋಡಿದಳು. ಇಡೀ ಮನೆಯಲ್ಲಿ ಅವಳಿಗೆಂದು ಬಿಟ್ಟ ಒಂದು ಮೂಲೆಯೂ ಇರಲಿಲ್ಲ.

"ಅಲ್ಲೇ ಗೊತ್ತಾಗೋಯ್ತಮ್ಮ," ಎಂದಳು ನನ್ನ ಹತ್ತಿರ. "ಇನ್ನೂ ಯಾರೂ ಬಾಯಿ ಬಿಟ್ಟಿರಲಿಲ್ಲ."

ಧಾರಿಣಿ ಒಳಗಿನ ಕೋಣೆಯಿಂದ ಬಂದು ಅವಳನ್ನು ಸೋಫಾದ ಮೇಲೆ ಕೂರಿಸಿದಳು. ಅಷ್ಟು ವರ್ಷದಲ್ಲಿ ಪಂಕಜಾ ಆ ಸೋಫಾದ ಮೇಲೆ ಕೂತವಳಲ್ಲ. ಸುಮಿತ್ರಾ ಕಾಫಿ ತಂದಳು. ಪಂಕಜಾಳದ್ದೆಂದು ಆ ಮನೆಯಲ್ಲಿ ಒಂದು ಸ್ಟೀಲ್ ಲೋಟ ಬೇರೆ ಇತ್ತು, ಸಿಂಕಿನ ಪಕ್ಕದ ಗೂಡಿನಲ್ಲಿ. ಕಾಫಿ ಬಂದದ್ದು ಅದರಲ್ಲಲ್ಲ. ನೆಂಟರಿಗೆ ಕೊಡುವ ಹೂವಿನ ಕಪ್ಪಿನಲ್ಲಿ, ಸಾಸರಿನ ಮೇಲೆ.

"ಕುಡೀರಿ ಪಂಕಜಮ್ಮ," ಎಂದಳು ಧಾರಿಣಿ. "ಹೇಗಿದ್ದೀರ? ನಂಗಂತೂ ನಿಮ್ಮದೇ ಯೋಚನೆ. ಇಷ್ಟು ದೊಡ್ಡ ಆಪರೇಷನ್ ಆಗಿದೆ. ಇನ್ಮೇಲೆ ನಿಮ್ಮ ಕೈಲಿ ಕೆಲಸ ಮಾಡಿಸಿದ್ರೆ ನಮಗೆ ಪಾಪ ಸುತ್ಕೊಳ್ಳುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಅಣ್ಣನ ಮನೆ ಇದೆಯಲ್ಲ, ಆರಾಮಾಗಿರಿ."

"ನಂಗೇನಾಗಿಲ್ಲ ಮೇಡಂ. ಡಾಕ್ಟ್ರು ಮೂರು ತಿಂಗಳು ಅಷ್ಟೇ ಅಂದಿದ್ದು. ಅದು ಮುಗೀತು."

ಆಗ ಪಕ್ಕದಲ್ಲೇ ಕೂತಿದ್ದ ಅನನ್ಯಾ ಮೊಬೈಲಿನಿಂದ ತಲೆಯೆತ್ತಿದಳು. ಪಂಕಜಾ ಎಣ್ಣೆನೀರು ಹಾಕಿದ ಮಗು, ಈಗ ಕಾಲೇಜಿಗೆ ಹೋಗುತ್ತದೆ. "ಪಂಕು ಅಮ್ಮ, ಸಚ್ಚೀ? ಸುಮಿತ್ರಾ ದೀದಿ ತೋ ಹೇಳಿದ್ರು, ಡಾಕ್ಟರ್ ನೇ ಮನಾ ಕಿಯಾ ಹೈ, ನೀವು ಲೈಫ್‌ಲಾಂಗ್ ಬಗ್ಗೋ ಹಾಗೇ ಇಲ್ಲ ಅಂತ."

ಧಾರಿಣಿ ಮಗಳನ್ನು ದುರುಗುಟ್ಟಿ ನೋಡಿದಳು. ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟ ಸದ್ದು ಬಂತು.

"ಸುಳ್ಳು ಅಂತ ಈಗ ಗೊತ್ತಾಯ್ತಲ್ಲ ಮೇಡಂ," ಎಂದಳು ಪಂಕಜಾ.

ಧಾರಿಣಿ ಸಾಸರನ್ನು ಸ್ವಲ್ಪ ಇವಳ ಕಡೆ ಸರಿಸಿದಳು. "ಅಚ್ಛಾ, ಇರಬಹುದು. ಆದ್ರೆ ಅವಳು ಆಗಲೇ ಸೆಟ್ ಆಗಿಬಿಟ್ಟಿದ್ದಾಳೆ. ವಯಸ್ಸಿನವಳು, ಕೈ ಚುರುಕು. ನಮ್ಮ ಭಾಷೇನೂ ಬರುತ್ತೆ. ಈಗ ಹೇಗೆ ಹೋಗು ಅನ್ನಲಿ, ನೀವೇ ಹೇಳಿ?"

ಪಂಕಜಾ ಕಾಫಿ ಕುಡಿಯದೆ ಎದ್ದಳು. ಹಿಂದಿನ ಗಲ್ಲಿಗೆ ಹೋದರೆ ಅವಳ ಕೋಣೆಗೆ ಹೊಸ ಬೀಗ ಬಿದ್ದಿತ್ತು. ಅವಳ ಟ್ರಂಕು, ಮಡಿಸುವ ಮಂಚ, ಒಲೆ, ಮರಿಯಪ್ಪನ ಫೋಟೋ ಎಲ್ಲ ಮೆಟ್ಟಿಲ ಕೆಳಗಿತ್ತು. ಮೇಲೆ ಪ್ಲಾಸ್ಟಿಕ್ ಹೊದಿಸಿ ಹಗ್ಗ ಬಿಗಿದಿತ್ತು. ನೀರು ತಾಗದ ಹಾಗೆ ಸುಮಿತ್ರಾ ಅಡಿಯಲ್ಲಿ ಇಟ್ಟಿಗೆ ಇಟ್ಟಿದ್ದಳು. "ಬಿಸಾಕಿದ್ರೆ ಬೈದು ಸಮಾಧಾನ ಮಾಡ್ಕೊತಿದ್ದೆ. ಅಷ್ಟು ಜೋಪಾನವಾಗಿ ಹೊರಗೆ ಹಾಕಿದ್ಲು ನೋಡಿ," ಎಂದು ಹೇಳುವಾಗ ಪಂಕಜಾಳ ಕೈಯಲ್ಲಿದ್ದ ಒರೆಸುವ ಬಟ್ಟೆ ಒಂದೇ ಕಡೆ ಉಜ್ಜುತ್ತಿತ್ತು.

ಸುಮಿತ್ರಾ ಹಿಂದೆಯೇ ಬಂದಳು.

"ಯಾಕೆ ಸುಮಿತ್ರಾ?" ಎಂದಳು ಪಂಕಜಾ.

"ನಂಗೂ ಒಂದು ಕೋಣೆ ಬೇಕಿತ್ತಕ್ಕ."

"ಕೇಳಿದ್ರೆ ನನ್ನ ಕೋಣೇಲೇ ಜಾಗ ಕೊಡ್ತಿದ್ದೆ."

"ಗೊತ್ತು. ಆದ್ರೆ ಅದು ನಿಮ್ಮದಾಗಿರ್ತಿತ್ತು." ಸುಮಿತ್ರಾ ಅಳಲಿಲ್ಲ, ನೆಲ ನೋಡುತ್ತಾ ಹೇಳಿದಳು. "ಮೊದಮೊದಲು ಮೂಲೆ ಬಿಟ್ಟೆ ಅಕ್ಕ, ದೇವರಾಣೆ. ಒಂದಿನ ಜಾಲರಿ ತೊಳೆದೆ. 'ನೀನು ಬಂದ ಮೇಲೆ ಮನೆಗೆ ಬೆಳಕು ಬಂತು' ಅಂದ್ರು ಮೇಡಂ. ನನಗೆ ಯಾರೂ ಹಂಗೆ ಅಂದಿರಲಿಲ್ಲ. ಆಮೇಲೆ ಬಿಡೋಕಾಗಲಿಲ್ಲ."

ಸಾಮಾನು ಸಾಗಿಸಲು ಇ-ರಿಕ್ಷಾ ತಂದವಳು ಫೂಲ್ಮತಿ. ದಾರಿಯುದ್ದಕ್ಕೂ ಬೈದಳು. ಸುಮಿತ್ರಾಳನ್ನಲ್ಲ, ಪಂಕಜಾಳನ್ನು.

"ಪಾಗಲ್! ನನ್ನನ್ನು ಬಿಟ್ಟಿದ್ದರೆ ನಿನ್ನ ಮೇಡಂ ಎರಡನೇ ದಿನಕ್ಕೇ ಪಂಕಜಾ ಯಾವಾಗ ಬರ್ತಾಳೆ ಅಂತ ಕೇಳ್ತಿದ್ದಳು. ನಾನು ಎಷ್ಟೇ ತಿಕ್ಕಿ ತೊಳೆದರೂ ಅವಳ ಜತೆ ನಿಮ್ಮ ಭಾಷೆಯಲ್ಲಿ ಅಳೋಕೆ ನಗೋಕೆ ಬರ್ತಿತ್ತಾ ನನಗೆ? ಆ ಮನೆಯಲ್ಲಿ ನಿನ್ನ ಹತ್ತಿರ ಇದ್ದದ್ದು ಆ ಭಾಷೆಯ ಬೀಗವೊಂದೇ. ಅದರ ಕೀಲೀನ ನೀನೇ ತಗೊಂಡು ಹೋಗಿ ಆ ಹುಡುಗಿಗೆ ಕೊಟ್ಟೆ."

ಪಂಕಜಾ ಮಾಡಿದ ತಪ್ಪು ಅದೇ ಆಗಿತ್ತು. ನಮ್ಮ ಮಾತು ಆಡುವವರು ನಮ್ಮವರು ಎಂದುಕೊಳ್ಳುವುದು. ದೂರದ ಊರಿಗೆ ಬಂದವರು ಯಾರು ಮಾಡಿಲ್ಲ ಅದನ್ನು? ಅಂದಿನಿಂದ ಅವಳು ಫೂಲ್ಮತಿಯ ಕೋಣೆಯಲ್ಲಿ, ಅವಳ ಸಂಸಾರದ ಮಧ್ಯೆ, ಗೋಡೆಯ ಪಕ್ಕ ಮಂಚ ಹಾಕಿಕೊಂಡು ಇದ್ದಾಳೆ. ಫೂಲ್ಮತಿಯೇ ಅವಳನ್ನು ನಮ್ಮ ಕಟ್ಟಡಕ್ಕೆ ಕರೆತಂದದ್ದು.

ಇಷ್ಟೂ ನಾನು ಕೇಳಿದ್ದು. ಇನ್ನು ಮುಂದಿನದು ನನ್ನ ಕಣ್ಣೆದುರೇ ಆದದ್ದು.

ಹೋಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಗೇಟಿನಿಂದ ಗಾರ್ಡ್ ಫೋನು ಮಾಡಿದ. ಸುಮಿತ್ರಾ ಎಂಬುವವಳು ಪಂಕಜಾಳನ್ನು ಕೇಳಿಕೊಂಡು ಬಂದಿದ್ದಾಳಂತೆ. ನಾನು ಪಂಕಜಾಳ ಮುಖ ನೋಡಿದೆ. "ಬರ್ಲಿ ಬಿಡಿ," ಎಂದಳು.

ಬಂದವಳಿಗೆ ತುಂಬಿದ ಹೊಟ್ಟೆ. ನಾನು ಕಥೆಯಲ್ಲಿ ಕೇಳಿದ ಸುಮಿತ್ರಾಳಿಗೆ ಬೇರೇ ಏನೋ ರೂಪ ಕೊಟ್ಟುಕೊಂಡಿದ್ದೆ. ಇವಳು ಸಣ್ಣಗೆ, ಉಸಿರು ಬಿಡುತ್ತಾ, ಚಪ್ಪಲಿಯನ್ನು ಹೊರಗೆ ಜೋಡಿಸಿಟ್ಟು ಒಳಗೆ ಬಂದಳು. ಬಸುರಿಯನ್ನು ನಿಲ್ಲಿಸಬಾರದೆಂದು ಕುರ್ಚಿ ಕೊಟ್ಟೆ, ನೀರು ಕೊಟ್ಟೆ. ಪಂಕಜಾ ಮಾಪ್ ಹಿಂಡುತ್ತಲೇ ಇದ್ದಳು.

"ಅಕ್ಕ, ಹೆರಿಗೆಗೆ ಊರಿಗೆ ಹೋಗ್ಬೇಕು," ಎಂದಳು ಸುಮಿತ್ರಾ.

"ಹೋಗು."

"ಮೇಡಂ ಬದ್ಲಿ ಕೊಟ್ಟು ಹೋಗು ಅಂತಾರೆ. ಇಲ್ಲಾಂದ್ರೆ ತಾವೇ ಯಾರನ್ನೋ ನೋಡ್ಕೊತಾರಂತೆ. ಈಗಿಂದಲೇ ಮೂರು ಜನ ಬಂದು ಕೇಳ್ಕೊಂಡು ಹೋಗಿದ್ದಾರೆ. ಯಾರು ಬಂದ್ರೂ ಕೋಣೆ ಬಿಡಲ್ಲ ಅಕ್ಕ. ಮಗೂನ ಎತ್ಕೊಂಡು ಬಂದು ನಾನು ಎಲ್ಲಿಗೆ ಹೋಗ್ಲಿ?"

ಪಂಕಜಾ ಮಾಪನ್ನು ಬಕೆಟ್ಟಿಗೆ ಅದ್ದಿದಳು.

"ನೀವು ಬನ್ನಿ ಅಕ್ಕ ಬದ್ಲಿಗೆ," ಎಂದಳು ಸುಮಿತ್ರಾ. "ಕೋಣೇಲೇ ಇರಿ. ನಿಮ್ಮದೇ ಕೋಣೆ ಅಲ್ವಾ. ನೀವಾದ್ರೆ ನಾನು ಬಂದಾಗ ವಾಪಸ್ ಕೊಡ್ತೀರ. ನಂಗೆ ಗೊತ್ತು."

ನನ್ನ ಆಯುಷ್ಯದಲ್ಲಿ ಬಹಳ ಮಾತು ಕೇಳಿದ್ದೇನೆ, ಇಂಥದ್ದು ಕೇಳಿರಲಿಲ್ಲ. ಅದರಲ್ಲಿ ವ್ಯಂಗ್ಯವಿರಲಿಲ್ಲ. ಆ ಹುಡುಗಿ ಮನಸಾರೆ ನಂಬಿಕೊಂಡು ಬಂದಿದ್ದಳು.

ಪಂಕಜಾ ಮಾಪನ್ನು ಗೋಡೆಗೆ ಒರಗಿಸಿದಳು. ಆಮೇಲೆ ಹೇಳಿದಳು, "ಇಲ್ಲಮ್ಮ. ನಾನು ಬರಲ್ಲ."

"ಅಕ್ಕ..."

"ಬರಲ್ಲ ಅಂದ್ನಲ್ಲ."

"ಹಾಗಾದ್ರೆ ನಾನು ಯಾರನ್ನ ನಂಬ್ಲಿ ಅಕ್ಕ?"

"ಅದು ನಂಗೊತ್ತಿಲ್ಲ."

ಸುಮಿತ್ರಾ ಈಗ ಅತ್ತಳು. ಸೆರಗಿನಿಂದ ಮುಖ ಒರೆಸಿಕೊಂಡು, ಕುರ್ಚಿಯ ಕೈ ಹಿಡಿದು ಕಷ್ಟಪಟ್ಟು ಎದ್ದಳು. ಪಂಕಜಾ ಕೈ ಕೊಡಲಿಲ್ಲ. ನಾನು ಹೋಗಿ ಲಿಫ್ಟಿನ ತನಕ ಬಿಟ್ಟು ಬಂದೆ.

ತಿರುಗಿ ಬಂದು ಕೂತ ಮೇಲೆ ನನ್ನ ಬಾಯಿ ಸುಮ್ಮನಿರಲಿಲ್ಲ. "ಅಲ್ಲ ಪಂಕಜಾ, ಹೋಗಬಹುದಿತ್ತಲ್ಲ. ಒಮ್ಮೆ ಒಳಗೆ ಹೋದ್ರೆ ನಿನ್ನ ಕೋಣೆ ನಿನಗೇ ಸಿಗ್ತಿತ್ತು."

"ಫೂಲ್ಮತೀನೂ ಅದನ್ನೇ ಹೇಳ್ತಾಳೆ ನೋಡಿ, ಇವತ್ತು ಹೋಗಿ ಹೇಳಿದ್ರೆ," ಎಂದಳು ಪಂಕಜಾ. "ಹೋದ್ರೆ, ಅವಳು ಬಂದ ದಿನ ವಾಪಸ್ ಕೊಡ್ಬೇಕಾಗುತ್ತಮ್ಮ. ಕೊಡದೇ ಇರೋದು ನಂಗೆ ಬರಲ್ಲ. ಕೊಡೋಕೆ ಮನಸ್ಸೂ ಇಲ್ಲ."

ಮಾಪ್ ಎಳೆದುಕೊಂಡು ನನ್ನ ಕುರ್ಚಿಯ ಹತ್ತಿರ ಬಂದಳು.

"ಕಾಲು ಸ್ವಲ್ಪ ಎತ್ತಿ."

ನಾನು ಕಾಲು ಎತ್ತಿದೆ.